ಮನೆಯಲ್ಲೇ ಕಟ್ಟಿದ ಸೆಟ್ಟಿಂಗ್ ಆಡ್ತಾ ಆಡ್ತಾ ಬದಲಾದಾಗ: ನೋಟ್ಸ್ ನಂಬೋದೋ, ಟೇಬಲ್ ನಂಬೋದೋ?

ಘಟ್ಟದಹಾದಿ:
ನಾವು ಆಡೋದು ಟೇಬಲ್ ಸುತ್ತ ಕೂತು, ಪಾತ್ರ ವಹಿಸಿ, ದಾಳ ಹಾಕಿ, ಬಾಯಲ್ಲೇ ಕಥೆ ಕಟ್ಟುವ ರೋಲ್ ಪ್ಲೇಯಿಂಗ್ ಆಟ. ಆಡಿಸೋ ಜಿಎಂ (ಗೇಮ್ ಮಾಸ್ಟರ್) ನಾನು. ಸೆಟ್ಟಿಂಗ್, ಅಂದರೆ ಕಥೆ ನಡೆಯೋ ಲೋಕ, ಸ್ವಂತದ್ದು. ಅಳಿವೆ ಪಕ್ಕ ಹೊನ್ನಳಿವೆ ಅಂತ ಒಂದು ಬಂದರು, ಅಲ್ಲಿಂದ ಕೋಳಿಕಲ್ಲು ಘಟ್ಟ ಹತ್ತುವ ಹೇರೆತ್ತಿನ ದಾರಿ, ಮೇಲೆ ಬಿದಿರುಕೋಟೆ. ಕಾಳುಮೆಣಸು ಇಳಿಯುತ್ತೆ, ಕುದುರೆ ಮತ್ತು ಉಪ್ಪು ಹತ್ತುತ್ತೆ. ಪಾಳೆಯಗಾರ, ಮಠ, ವರ್ತಕರ ಸಂಘ ಅಂತ ಮೂರು ಬಣ. ಶುರುವಲ್ಲಿ ಇದ್ದದ್ದು ಎರಡು ಪುಟ ನೋಟ್ಸ್, ಒಂದು ಕೈನಕ್ಷೆ. ನಾಲ್ಕು ಪ್ಲೇಯರ್ಸ್, ಸೆಷನ್‌ಗೆ ಮೂರು ಗಂಟೆ, ಸಿಸ್ಟಮ್ (ಆಟದ ನಿಯಮ) ಸಾಧಾರಣ ಡಿ20, ಅಂದರೆ ಇಪ್ಪತ್ತು ಮುಖದ ದಾಳದ್ದು.

ಈಗ ನೋಟ್ಸ್ ಒಂದು ದಾರಿ, ಆಟ ಇನ್ನೊಂದು ದಾರಿ. ನೋಟ್ಸ್ ಪ್ರಕಾರ ಪಾಳೆಯಗಾರ ಖಳನಾಯಕ. ಆಟದಲ್ಲಿ ಪ್ಲೇಯರ್ಸ್ ಅವನ ಹತ್ತಿರ ಸಾಲ ಮಾಡಿ ನೆಂಟಸ್ತನ ಬೆಳೆಸಿದ್ದಾರೆ. "ದೋಣಿಯವನ ಹೆಸರೇನು?" ಅಂತ ಯಾರೋ ಕೇಳಿದ್ದಕ್ಕೆ ಬಾಯಿಗೆ ಬಂದ ತಿಮ್ಮಪ್ಪ ಈಗ ಅರ್ಧ ಕಥೆ ಹೊತ್ತು ನಿಂತಿದ್ದಾನೆ. ಮೂರು ಪ್ರಶ್ನೆ:
ಯಾವುದು ಲೆಕ್ಕಕ್ಕೆ, ಬರೆದದ್ದೋ ಆಡಿದ್ದೋ?
ಎರಡು ಸೆಷನ್ ನಡುವೆ ಲೋಕ ತಾನಾಗಿ ಮುಂದೆ ಹೋಗಬೇಕು, ಆದರೆ ಭಾನುವಾರವೆಲ್ಲ ಅದಕ್ಕೇ ಹೋಗಬಾರದು. ಹೇಗೆ?
ಪ್ಲೇಯರ್ಸ್ ಕೂಡ ಲೋಕಕ್ಕೆ ಸೇರಿಸಬೇಕು ಅಂದ್ರೆ ಎಷ್ಟು ಬಿಡಬೇಕು?

ದಾಳಪುರಾಣ:
ಮೊದಲನೆಯದಕ್ಕೆ ನೇರ ಉತ್ತರ: ಟೇಬಲ್ ಮೇಲೆ ಬಾಯಿಬಿಟ್ಟು ಹೇಳಿದ್ದು ಮಾತ್ರ ಆ ಲೋಕದಲ್ಲಿ ಇದೆ. ಉಳಿದದ್ದು ನಿಮ್ಮ ಕರಡು. ಪಾಳೆಯಗಾರ ಖಳ ಅಂತ ಪ್ಲೇಯರ್ಸ್‌ಗೆ ಇನ್ನೂ ಗೊತ್ತೇ ಇಲ್ಲ ಅಂದ್ರೆ ಅವನು ಇನ್ನೂ ಖಳ ಆಗಿಲ್ಲ.

ಇದು ಹೊಸ ಕಾಲದ ಸಡಿಲ ಮಾತಲ್ಲ, ಈ ಆಟ ಹುಟ್ಟಿದ್ದೇ ಹೀಗೆ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಬ್ರೌನ್‌ಸ್ಟೈನ್ ಅಂತ ಒಂದು ನೆಪೋಲಿಯನ್ ಕಾಲದ ಆಟ ಆಡಿಸಿದರು. ಸೈನ್ಯ ನಡೆಸುವ ಬದಲು ಒಬ್ಬೊಬ್ಬರಿಗೆ ಊರಿನ ಒಬ್ಬೊಬ್ಬರ ಪಾತ್ರ. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಅದೇ ಉಪಾಯವನ್ನು ಒಂದು ಕೋಟೆ, ಒಂದು ಊರು, ಅದರ ಕೆಳಗೊಂದು ನೆಲಮಾಳಿಗೆಗೆ ಹಚ್ಚಿದಾಗ ಬ್ಲ್ಯಾಕ್‌ಮೂರ್ ಅನ್ನೋ ಆಟದ ಲೋಕ ಆಯ್ತು. ಅಲ್ಲಿ ಡೇವ್ ಫ್ಯಾಂಟ್ ಆಡುತ್ತಿದ್ದ ಬ್ಯಾರನ್ ರಕ್ತಪಿಶಾಚಿಯಾಗಿ ಸರ್ ಫ್ಯಾಂಗ್ ಆದ. ಅವನ ಕಾಟ ತಡೆಯೋಕೆ ಮೈಕ್ ಕಾರ್ ಆಡುತ್ತಿದ್ದ ಪಾದ್ರಿಗೆ ಪಿಶಾಚಿ ಓಡಿಸುವ ಶಕ್ತಿ ಬಂತು. ಇವತ್ತು ಜಗತ್ತಿನಾದ್ಯಂತ ಆಡುವ ಕ್ಲೆರಿಕ್ ಕ್ಲಾಸಿನ (ಪುರೋಹಿತ ಬಗೆಯ ಪಾತ್ರದ) ಬೇರು ಅಲ್ಲಿದೆ. ಯಾರೂ ಕೂತು ಯೋಚಿಸಿ ಬರೆದ ಕ್ಲಾಸ್ ಅದಲ್ಲ. ಒಬ್ಬ ಪ್ಲೇಯರ್ ಮಾಡಿದ ಅನಾಹುತಕ್ಕೆ ಇನ್ನೊಬ್ಬ ಪ್ಲೇಯರ್ ಕೊಟ್ಟ ಮದ್ದು.

ಇನ್ನೊಂದು. ಬ್ಲ್ಯಾಕ್‌ಮೂರ್‌ನಲ್ಲಿ ಎಲ್ಲರೂ ನಿಧಿ ಹುಡುಕುತ್ತಾ ನೆಲಮಾಳಿಗೆಯಲ್ಲೇ ಮುಳುಗಿದರು, ಊರು ಕಾಯೋರಿಲ್ಲ. ಶತ್ರುಗಳು ಕೋಟೆ ಹಿಡಿದರು, ಪ್ಲೇಯರ್ಸ್ ಲಾಕ್ ಗ್ಲೂಮೆನ್ ಅನ್ನೋ ಕೆರೆ ಸೀಮೆಗೆ ಗಡಿಪಾರಾದರು. ಸೆಟ್ಟಿಂಗಿನ ಹೊಸ ಪ್ರದೇಶ ಬೆಳೆದದ್ದು ಹಾಗೆ. ಆರ್ನೆಸನ್ ಹಠ ಹಿಡಿದು "ಕೋಟೆ ಬೀಳೋ ಹಾಗಿಲ್ಲ, ನನ್ನ ನಕ್ಷೆ ಹಾಳಾಗುತ್ತೆ" ಅಂದಿದ್ದರೆ ಅದು ಇರುತ್ತಲೇ ಇರಲಿಲ್ಲ.

ನಕ್ಷೆಗಾತಿ:
ದಾಳಪುರಾಣ ಅವರ ಮಾತು ಮುಕ್ಕಾಲು ಸರಿ. ಕಾಲು ಭಾಗ ಅಪಾಯ.

"ಹೇಳದೇ ಇದ್ದದ್ದು ಯಾವಾಗ ಬೇಕಾದರೂ ಬದಲಾಗಬಹುದು" ಅಂತ ಪೂರ್ತಿ ಒಪ್ಪಿದರೆ ಪತ್ತೇದಾರಿ ಆಟ ಸಾಯುತ್ತೆ. ಕೊಲೆ ಮಾಡಿದ್ದು ಯಾರು ಅನ್ನೋದನ್ನ ಪ್ಲೇಯರ್ಸ್ ಊಹೆ ನೋಡಿ ಬದಲಾಯಿಸಿದರೆ ಅವರು ಕಟ್ಟಿದ ತರ್ಕಕ್ಕೆ ಬೆಲೆ ಇಲ್ಲ. ಒಂದೆರಡು ಸಲ ನಡೆಯುತ್ತೆ, ಆಮೇಲೆ ಅವರಿಗೆ ವಾಸನೆ ಹತ್ತುತ್ತೆ, ಸುಳಿವು ಹುಡುಕೋದನ್ನೇ ಬಿಡ್ತಾರೆ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಅದೇ ರಾಕ್ಷಸ ಎದುರಾಗೋದೂ ಇದೇ ಜಾತಿಯ ಮೋಸ.

ಹಾಗಾಗಿ ಮೂರು ಬಣ್ಣದ ಲೆಕ್ಕ. ನೀಲಿ ಇಂಕು: ಟೇಬಲ್ ಮೇಲೆ ಹೇಳಿಯಾಗಿದೆ, ಬದಲಿಲ್ಲ. ಕೆಂಪು ಇಂಕು: ಹೇಳಿಲ್ಲ, ಆದರೆ ಬೀಗ ಹಾಕಿದೆ. ಪೆನ್ಸಿಲ್: ಅಳಿಸಬಹುದು. ಕೆಂಪಿಗೆ ಹೋಗಬೇಕಾದದ್ದು ಎಂಥದ್ದು ಅಂದ್ರೆ, ಪ್ಲೇಯರ್ಸ್ ಅದನ್ನ ತಿಳಿಯೋಕೆ ಹಣ, ಸಮಯ, ಮಂತ್ರ, ಜೀವ ಏನಾದರೂ ಖರ್ಚು ಮಾಡೋಕೆ ಶುರು ಮಾಡಿದ್ದು. ಅವರು ಮೊದಲ ವರಹ ಖರ್ಚು ಮಾಡುವ ಮೊದಲೇ ಉತ್ತರಕ್ಕೆ ಬೀಗ ಬಿದ್ದಿರಬೇಕು. ಪಾಳೆಯಗಾರನ ಮೇಲೆ ಯಾರೂ ಗೂಢಚಾರರನ್ನ ಬಿಟ್ಟಿಲ್ಲ ಅಂದ್ರೆ ಅವನಿನ್ನೂ ಪೆನ್ಸಿಲ್. ಬಿಟ್ಟಿದ್ದರೆ ಕೆಂಪು, ಆಗ ಸ್ನೇಹ ಬೆಳೆದರೂ ಅವನು ಖಳನೇ. ಸಾಲ ಕೊಟ್ಟ ಖಳ ಇನ್ನೂ ರುಚಿ.

ಕೆಂಪು ಸಾಲು ಒಂದು ಸಮಯಕ್ಕೆ ಆರು ದಾಟಬಾರದು. ಜಾಸ್ತಿ ಆದರೆ ಅದು ಆಟ ಅಲ್ಲ, ಕಾದಂಬರಿ.

ದಾಳಪುರಾಣ:
ಒಪ್ಪಿದೆ ಮೇಡಂ. ಖರ್ಚು ಮಾಡುವ ಮೊದಲೇ ಬೀಗ ಅನ್ನೋ ಗೆರೆ ಚೆನ್ನಾಗಿದೆ.

ಹುಬ್ಬಳ್ಳಿಡಿ20:
ಬರಿಯೂ ಪದ್ಧತಿ ಸರಿ ಇರಲಿಲ್ಲಂದ್ರ ಯಾವ ಬಣ್ಣ ಇದ್ರೂ ಅಷ್ಟ ನೋಡ್ರಿ. ಸೆಷನ್ ಮುಗದ ಮ್ಯಾಲೆ ಇಪ್ಪತ್ತು ನಿಮಿಷದಾಗ ಬರೀಬೇಕು. ಮರುದಿನಕ್ಕ ಬಿಟ್ರ ನಿಮಗ ನೆನಪಿರೂದು ನೀವು ಏನು ಮಾಡಬೇಕಂತ ಅಂದ್ಕೊಂಡಿದ್ರಿ ಅದು, ನಡದದ್ದಲ್ಲ. ಒಂದು ಪುಟ, ಐದ ತಲೆಬರಹ:

ಹೊಸಾ ಹೆಸರು (ಮಂದಿ, ಜಾಗಾ, ಸಾಮಾನು).
ಕೊಟ್ಟ ಮಾತು. ಯಾರು ಯಾರಿಗೆ, ಯಾವ ತಿಥಿ ಒಳಗ.
ಮುರದದ್ದು. ಸತ್ತವರು, ಸುಟ್ಟ ಮನಿ, ಕೆಟ್ಟ ಸಂಬಂಧ.
ಪ್ಲೇಯರ್ಸ್ ತಾವ ಮಾಡಿದ ಊಹೆ. ಇದನ್ನ ಭಾಳ ಮಂದಿ ಬಿಡ್ತಾರ. "ತಿಮ್ಮಪ್ಪ ಮಠದ ಗೂಢಚಾರ ಇರಬೇಕು" ಅಂತ ಒಬ್ಬಾಂವ ಚಾಷ್ಟಿ ಮಾಡಿದ್ರೂ ಬರಕೋರಿ. ನಿಮ್ಮ ತಲಿಯೊಳಗಿಂದಕ್ಕಿಂತ ಅದು ಛಲೋ ಇರತೈತಿ.
ಕಡೀ ಕ್ಷಣ. ಯಾರು ಎಲ್ಲಿ ನಿಂತಾರ, ಕೈಯಾಗ ಏನೈತಿ, ಹೊತ್ತು ಎಷ್ಟು.

ಮುಂದಿನ ಸೆಷನ್ ಶುರುಕ್ಕ "ಹಿಂದಿನ ಸಲ ಏನಾತು" ಅನ್ನೂದನ್ನ ಜಿಎಂ ಹೇಳಬಾರದು, ಒಬ್ಬ ಪ್ಲೇಯರ್ ಹೇಳಬೇಕು, ಪಾಳಿ ಮ್ಯಾಲೆ. ಅವರು ಬಿಟ್ಟದ್ದು ಅವರಿಗೆ ಮುಖ್ಯ ಅನಿಸಿಲ್ಲ. ಅವರು ತಪ್ಪಾಗಿ ಹೇಳಿದ್ದು ನಿಮ್ಮ ವಿವರಣೆ ಎಲ್ಲಿ ಮಸಕಾಗಿತ್ತು ಅಂತ ತೋರಸ್ತೈತಿ. ಎರಡೂ ನಿಮಗ ಪುಕ್ಕಟ ಸಿಗೂ ಮಾಹಿತಿ.

ಹೆಸರಿನ ಪಟ್ಟಿ ಮೊದಲ ಮಾಡಿಟ್ಕೋರಿ. ಮೂರು ಕಾಲಂ: ಬಂದರು, ಘಟ್ಟ, ಬಯಲು. ಒಂದೊಂದರಾಗ ಇಪ್ಪತ್ತು. ಬಳಸಿದ ಕೂಡಲೇ ಗೆರಿ ಹೊಡದು ಬಾಜೂಕ ಸೆಷನ್ ನಂಬರ್. ಕಾಲಂ ಬ್ಯಾರೆ ಬ್ಯಾರೆ ಇಟ್ರ ನಾಕ ಸೆಷನ್‌ದಾಗ ಪ್ಲೇಯರ್ಸ್‌ಗೆ ಹೆಸರು ಕೇಳಿದ್ರ ಮನಿಶಾ ಎಲ್ಲಿಯಾಂವ ಅಂತ ತಿಳಿಯಾಕ ಹತ್ತತೈತಿ. ಒಂದ ಪಟ್ಟಿ ಇಟ್ರ ಎಲ್ಲಾ ಕಡೆ ರಾಮಣ್ಣ ಭೀಮಣ್ಣ.

ಘಟ್ಟದಹಾದಿ:
ಊಹೆ ಬರೆದಿಡೋದು ಹೊಳೆದೇ ಇರಲಿಲ್ಲ. ಧನ್ಯವಾದ ಸರ್. ಎರಡನೇ ಪ್ರಶ್ನೆಗೆ ಬಂದರೆ, ಘಟ್ಟದ ದಾರಿಗೆ ಒಂದು ಎನ್ಕೌಂಟರ್ ಟೇಬಲ್ ಇದೆ, ದಾರಿಯಲ್ಲಿ ಏನು ಎದುರಾಯ್ತು ಅಂತ ದಾಳ ಹಾಕಿ ನೋಡೋ ಪಟ್ಟಿ. ದರೋಡೆಕೋರರನ್ನ ಪ್ಲೇಯರ್ಸ್ ಪೂರ್ತಿ ಮುಗಿಸಿದ ಮೇಲೂ ದಾಳ ಹಾಕಿದರೆ ಮತ್ತೆ ದರೋಡೆಕೋರರೇ ಬರ್ತಾರೆ. ತೆಗೆದು ಹಾಕಲಾ?

ಆರುಮುಖ:
ತೆಗೀಬೇಡಿ, ತುಂಬಿ. ಸತ್ತ ಸಾಲಿನ ಜಾಗಕ್ಕೆ ಆ ಸಾವಿನ ಪರಿಣಾಮ ಬರಬೇಕು. ಸೆಟ್ಟಿಂಗ್ ಬೆಳೆಯುವ ಅತಿ ಅಗ್ಗದ ದಾರಿ ಇದು. ಡಿ20 ಟೇಬಲ್ ಬೇಡ, ಅದರಲ್ಲಿ ಎಲ್ಲ ಸಾಲಿಗೂ ಒಂದೇ ಅವಕಾಶ. ಎರಡು ಆರುಮುಖ ದಾಳ ಕೂಡಿಸಿ, ಹನ್ನೊಂದು ಸಾಲು. 7 ಬೀಳುವುದು 36ರಲ್ಲಿ 6 ಸಲ, 6ರಿಂದ 8ರ ಒಳಗೆ 16 ಸಲ, 2 ಅಥವಾ 12 ಒಂದೊಂದೇ ಸಲ. ಅಂದರೆ ನಡುವಿನ ಸಾಲುಗಳು ಆ ಪ್ರದೇಶದ ದಿನನಿತ್ಯ, ತುದಿಯವು ಅಪರೂಪ. ನಿಮ್ಮ ಘಟ್ಟಕ್ಕೆ ಹೀಗೆ:

2 ಹುಲಿ
3 ಕುಸಿದ ದಾರಿ, ಅರ್ಧ ದಿನ ನಷ್ಟ
4 ಮಠಕ್ಕೆ ಹೊರಟ ಯಾತ್ರಿಕರು
5 ಸುಂಕದವರು
6 ಇಳಿಯುವ ಹೇರೆತ್ತಿನ ತಂಡ, ಮೆಣಸು
7 ಹವಾಮಾನ ಕೈಕೊಟ್ಟಿತು
8 ಏರುವ ತಂಡ, ಉಪ್ಪು ಮತ್ತು ಒಣಮೀನು
9 ದರೋಡೆಕೋರರು
10 ಪಾಳೆಯಗಾರನ ಸವಾರರು
11 ಒಂಟಿ ಪ್ರಯಾಣಿಕ, ಸುಳ್ಳು ಹೇಳುತ್ತಿದ್ದಾನೆ
12 ಒಮ್ಮೆ ಮಾತ್ರ ನಡೆಯುವಂಥದ್ದು. ಬಿದ್ದ ಮೇಲೆ ಹೊಸದು ಬರೆಯಿರಿ

ದರೋಡೆಕೋರರು ಸತ್ತರು. ಈಗ ಯೋಚಿಸಿ, ಅವರಿಂದ ಹೊಟ್ಟೆ ಹೊರೆಯುತ್ತಿದ್ದವರು ಯಾರು? ತಂಡಗಳ ಜೊತೆ ಹೋಗುತ್ತಿದ್ದ ಬಾಡಿಗೆ ಕಾವಲುಗಾರರು. ದಾರಿ ಸುರಕ್ಷಿತ ಆದ ಮೇಲೆ ವರ್ತಕರು ಅವರನ್ನ ಬಿಡಿಸಿದರು. 9ಕ್ಕೆ "ಕೆಲಸ ಕಳೆದುಕೊಂಡ ಕಾವಲುಗಾರರು, ಕೈಯಲ್ಲಿ ಇನ್ನೂ ಕತ್ತಿ". ಸುರಕ್ಷಿತ ದಾರಿಯಲ್ಲಿ ಜನ ಜಾಸ್ತಿ, ಹಾಗಾಗಿ ಸುಂಕದ ಕಟ್ಟೆ ಒಂದಿದ್ದದ್ದು ಎರಡಾಯಿತು. 5ರಲ್ಲಿ "ಸುಂಕದವರು, ಹೇರಿಗೆ ಒಂದು ಹಣ ಇದ್ದದ್ದು ಎರಡು". ಒಂದು ಕೊಲೆ, ಎರಡು ಸಾಲು ಬದಲು, ಐದು ನಿಮಿಷದ ಕೆಲಸ. ಪ್ಲೇಯರ್ಸ್ ಮುಂದಿನ ಸಲ ಘಟ್ಟ ಹತ್ತಿದಾಗ ತಾವು ಮಾಡಿದ್ದರ ಫಲ ತಾವೇ ನೋಡ್ತಾರೆ, ನೀವು ಬಾಯಿಬಿಟ್ಟು ವಿವರಿಸಬೇಕಾಗಿಲ್ಲ.

ಎಷ್ಟು ಸಲ ದಾಳ ಹಾಕೋದು? ದಿನಕ್ಕೊಮ್ಮೆ ಡಿ6 (ಆರುಮುಖ ದಾಳ), 1 ಬಿದ್ದರೆ ಎನ್ಕೌಂಟರ್. ಆರು ದಿನದ ಪ್ರಯಾಣದಲ್ಲಿ ಒಂದಾದರೂ ಆಗುವ ಸಾಧ್ಯತೆ ಮೂರರಲ್ಲಿ ಎರಡು. ಇದಕ್ಕಿಂತ ಜಾಸ್ತಿ ಮಾಡಿದರೆ ಮೂರು ಗಂಟೆ ಸೆಷನ್ ದಾರಿಯಲ್ಲೇ ಮುಗಿಯುತ್ತೆ.

ಇನ್ನೊಂದು ದಾಳ ಬಿಡಬೇಡಿ: ಎದುರಾದವರ ಮನಸ್ಸು. 1981ರ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್) ಬೇಸಿಕ್ ಪೆಟ್ಟಿಗೆಯಲ್ಲಿ ಎರಡು ಡಿ6ರ ಪ್ರತಿಕ್ರಿಯೆ ಟೇಬಲ್ ಇದೆ. 2 ಬಿದ್ದರೆ ನೇರ ದಾಳಿ, 3ರಿಂದ 5 ಹಗೆ, 6ರಿಂದ 8 ಅನುಮಾನ, 9ರಿಂದ 11 ದಾಳಿ ಇಲ್ಲ, 12 ಸ್ನೇಹ. 36ರಲ್ಲಿ 16 ಸಲ ಅನುಮಾನವೇ ಬೀಳುತ್ತೆ, ಅಂದರೆ ಮಾತುಕತೆ. ನಿಮ್ಮ ಪಾಳೆಯಗಾರನ ತರಹದ ಅನಿರೀಕ್ಷಿತ ನೆಂಟಸ್ತನ ಹುಟ್ಟೋದು ಅಲ್ಲಿಂದ.

ಕುಂದಾಪ್ರಕಾಯಿ:
ಹೇರಿಗೆ ಎರಡು ಹಣ ಮಾಡಿದ್ರೆ ನಮ್ಮ ಪ್ಲೇಯರ್ಸ್ ಘಟ್ಟ ಹತ್ತುದೇ ಬಿಟ್ಟು ಸುಂಕದ ಕಟ್ಟೆಗೇ ಬೆಂಕಿ ಹಾಕ್ತ್ರು ಮಾರಾಯ್ರೇ.

ಆರುಮುಖ:
ಹಾಕಲಿ. 5 ಮತ್ತು 10 ತಿದ್ದಿ.

ಗಂಟೆಬಾರಿಸುವವ:
ಟೇಬಲ್ ಪ್ರದೇಶಕ್ಕೆ ಸಾಕು, ಬಣಗಳಿಗೆ ಸಾಲದು. ಮಠ, ವರ್ತಕರ ಸಂಘ, ಪಾಳೆಯಗಾರ ಇವರಿಗೆ ಸ್ವಂತ ಉದ್ದೇಶ ಇದೆ, ಪ್ಲೇಯರ್ಸ್ ತಿರುಗಿ ನೋಡದಿದ್ದರೂ ಅವರು ಕೆಲಸ ಮಾಡ್ತಾನೇ ಇರ್ತಾರೆ. ಇದಕ್ಕೆ ಗಡಿಯಾರ. ವಿನ್ಸೆಂಟ್ ಬೇಕರ್ ಮತ್ತು ಮೆಗೆ ಬೇಕರ್ ಅವರ ಅಪೋಕ್ಯಾಲಿಪ್ಸ್ ವರ್ಲ್ಡ್ (2010) ಇದನ್ನ ಚಾಲ್ತಿಗೆ ತಂತು, ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಅದೇ ಬೆನ್ನೆಲುಬು. ಒಂದು ವೃತ್ತ, 4, 6 ಅಥವಾ 8 ಭಾಗ. ಪಕ್ಕದಲ್ಲಿ ಒಂದೇ ವಾಕ್ಯ, ತುಂಬಿದರೆ ಏನಾಗುತ್ತೆ ಅಂತ.

ಸರಳ ನಿಯಮ: ಪ್ರತಿ ಸೆಷನ್ ಮುಗಿದ ಮೇಲೆ ಪ್ರತಿ ಬಣಕ್ಕೆ ಒಂದು ಡಿ6. 1-2 ಏನಿಲ್ಲ, 3ರಿಂದ 5 ಒಂದು ಭಾಗ, 6 ಎರಡು ಭಾಗ. ಸರಾಸರಿ ಸೆಷನ್‌ಗೆ ಸುಮಾರು 0.83 ಭಾಗ. ಆರರ ಗಡಿಯಾರ ತುಂಬೋಕೆ ಏಳು ಸೆಷನ್, ನಾಲ್ಕರದ್ದಕ್ಕೆ ಐದು, ಎಂಟರದ್ದಕ್ಕೆ ಹತ್ತರ ಹತ್ತಿರ. ನೀವು ತಿಂಗಳಿಗೆ ಎರಡು ಸಲ ಆಡೋದಾದರೆ ಎಂಟರ ಗಡಿಯಾರ ಅಂದ್ರೆ ಐದು ತಿಂಗಳು, ಅಷ್ಟರಲ್ಲಿ ಅದು ಇತ್ತು ಅಂತಲೇ ಎಲ್ಲರಿಗೂ ಮರೆತಿರುತ್ತೆ. 4 ಮತ್ತು 6 ಸಾಕು.

ಕೆಡೋದು ಎಲ್ಲಿ ಅಂದ್ರೆ, ಮೊದಲು ಸಂಖ್ಯೆ. ಐದು ಬಣ ದಾಟಿದರೆ ಜಿಎಂಗೇ ಲೆಕ್ಕ ತಪ್ಪುತ್ತೆ. ಮೂರು ಬಣ ಓಡಲಿ, ಉಳಿದವು ಮಲಗಿರಲಿ. ಅದಕ್ಕಿಂತ ದೊಡ್ಡ ರೋಗ ಕಣ್ಣಿಗೆ ಕಾಣದ ಗಡಿಯಾರ. ನಾಲ್ಕು ಭಾಗ ಗುಟ್ಟಾಗಿ ತುಂಬಿ ಐದನೇ ಸೆಷನ್‌ನಲ್ಲಿ "ಸಂಘದವರು ಬಂದರು ಹಿಡಿದರು" ಅಂದ್ರೆ ಪ್ಲೇಯರ್ಸ್‌ಗೆ ಅದು ಜಿಎಂ ಆಕಾಶದಿಂದ ಹಾಕಿದ ಕಲ್ಲು. ಒಂದೊಂದು ಭಾಗಕ್ಕೂ ಬೀದಿಯಲ್ಲಿ ಕಾಣೋ ಒಂದು ಗುರುತು ಬೇಕು. ವರ್ತಕರ ಸಂಘ, "ಮೆಣಸಿನ ವ್ಯಾಪಾರ ಪೂರ್ತಿ ತಮ್ಮ ಕೈಗೆ", ಆರು ಭಾಗ. ಮೊದಲನೇ ಭಾಗ: ಸಂತೆಯಲ್ಲಿ ಹೊಸ ತಕ್ಕಡಿ, ಸಂಘದ ಮುದ್ರೆಯದ್ದು. ಎರಡು: ಹಳೆ ತಕ್ಕಡಿಯವನು ಅಂಗಡಿ ಮುಚ್ಚಿದ. ಮೂರು: ಮಣಕ್ಕೆ ಹನ್ನೆರಡು ಹಣ ಇದ್ದದ್ದು ಹತ್ತಕ್ಕೆ ಇಳಿಯಿತು, ಬೆಳೆಗಾರರ ಗೊಣಗಾಟ. ನಾಲ್ಕು: ಗೋದಾಮಿಗೆ ರಾತ್ರಿ ಕಾವಲು. ಐದು: ತಿಮ್ಮಪ್ಪನ ದೋಣಿಗೆ ಸರಕು ಕೊಡಬಾರದು ಅಂತ ಡಂಗುರ. ಆರು ತುಂಬುವ ಹೊತ್ತಿಗೆ ಪ್ಲೇಯರ್ಸ್ ಯಾವುದೋ ಪಕ್ಷ ಹಿಡಿದಿರ್ತಾರೆ.

ನಕ್ಷೆಗಾತಿ:
ಎಲ್ಲ ಗಡಿಯಾರ ಒಂದೇ ಸೆಷನ್‌ನಲ್ಲಿ ತುಂಬೋದೂ ಒಂದು ಕಾಯಿಲೆ. ಶುರು ಮಾಡುವಾಗಲೇ ಒಂದಕ್ಕೆ 0, ಒಂದಕ್ಕೆ 2, ಒಂದಕ್ಕೆ 3 ಭಾಗ ತುಂಬಿಸಿಡಿ.

ದಾಳಪುರಾಣ:
ಗಡಿಯಾರ ಬಂದ ಮೇಲೆ ಪಂಚಾಂಗವೂ ಬರಬೇಕು. ಡಿ ಅಂಡ್ ಡಿ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ದಿನಗಳ ಲೆಕ್ಕ ಬಿಗಿಯಾಗಿ ಇಡಲೇಬೇಕು ಅಂತ ದೊಡ್ಡಕ್ಷರದಲ್ಲೇ ಅಚ್ಚು ಹಾಕಿಸಿದ್ದಾರೆ. ಆ ಪುಸ್ತಕದ ಎಷ್ಟೋ ನಿಯಮ ಇವತ್ತು ಯಾರೂ ಬಳಸಲ್ಲ, ಇದೊಂದು ಬಳಸಬೇಕು. ದಿನದ ಲೆಕ್ಕ ಇಲ್ಲದಿದ್ದರೆ "ಹುಣ್ಣಿಮೆ ಒಳಗೆ ಸಾಲ ತೀರಿಸ್ತೀನಿ" ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಘಟ್ಟದಹಾದಿ ಅವರ ಸೆಟ್ಟಿಂಗಿಗೆ ಪಂಚಾಂಗ ಹೊಸದಾಗಿ ಕಟ್ಟೋದೇ ಬೇಡ, ಕರಾವಳಿಯೇ ಕೊಟ್ಟಿದೆ. ಮುಂಗಾರು ಹಿಡಿದರೆ ಕಡಲು ಮುಚ್ಚಿತು. ಈಗಲೂ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿ ಇಳಿಯುತ್ತೆ. ಹಡಗಿನ ಕಾಲ, ಮಳೆಗಾಲ, ಮೆಣಸು ಕೊಯ್ಲಿನ ಕಾಲ, ಹೀಗೆ ಮೂರು ಋತು ಇಟ್ಟರೆ ಸಾಕು. ಮಳೆಗಾಲದಲ್ಲಿ ಬಂದರಿಗೆ ಹಡಗಿಲ್ಲ, ಸಂಘದ ಗಡಿಯಾರ ನಿಲ್ಲುತ್ತೆ, ಮಠದ್ದು ಓಡುತ್ತೆ (ಚಾತುರ್ಮಾಸ್ಯ, ಸ್ವಾಮಿಗಳು ಒಂದೇ ಕಡೆ, ಜನ ಅಲ್ಲಿಗೇ). ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತೆ. ಅಂಥ ಘಟ್ಟದಲ್ಲಿ ಆಷಾಢದ ಪ್ರಯಾಣ ಅಂದ್ರೆ ವೇಗ ಅರ್ಧ, ಎನ್ಕೌಂಟರ್ ದಾಳ ದಿನಕ್ಕೆ ಎರಡು, 3ನೇ ಸಾಲಿಗೆ ಅರ್ಧ ದಿನದ ಬದಲು ಎರಡು ದಿನ.

ಘಟ್ಟದಹಾದಿ:
ನಕ್ಷೆಯ ಅಳತೆ ಎಷ್ಟಿರಬೇಕು? ಈಗ ಕೈಯಲ್ಲಿ ಗೀಚಿದ್ದು ಮಾತ್ರ. ಒಂದು ಸಲ ಘಟ್ಟ ಎರಡು ದಿನ, ಇನ್ನೊಂದು ಸಲ ಐದು ದಿನ ಆಗಿದೆ.

ನಕ್ಷೆಗಾತಿ:
ಹೆಕ್ಸ್ ಕಾಗದ (ಆರು ಮೂಲೆಯ ಮನೆಗಳಿರೋದು), ಹೆಕ್ಸ್ ಒಂದಕ್ಕೆ ಆರು ಮೈಲಿ, ಅಂದರೆ ಎರಡು ಹರಿದಾರಿ. ಬಯಲಲ್ಲಿ ನಡಿಗೆ ದಿನಕ್ಕೆ ಮೂರು ಹೆಕ್ಸ್, ಘಟ್ಟದಲ್ಲಿ ಒಂದು. ಲೆಕ್ಕ ಬಾಯಲ್ಲೇ ಆಗುತ್ತೆ. ಶುರುವಿಗೆ ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು, ಒಟ್ಟು 19 ಹೆಕ್ಸ್. ಅಷ್ಟೇ ಬರೆಯಿರಿ, ಅದರಲ್ಲೂ ಏಳೆಂಟು ಖಾಲಿ ಬಿಡಿ.

ಒಂದು ಎಚ್ಚರಿಕೆ. ಆರು ಮೈಲಿ ಹೆಕ್ಸ್ ಅಂದ್ರೆ ಸುಮಾರು 31 ಚದರ ಮೈಲಿ. ಮಲೆನಾಡಲ್ಲಿ ಅಷ್ಟರೊಳಗೆ ಹತ್ತಾರು ಮಜರೆ, ಒಂದೆರಡು ಹೊಳೆ, ಒಂದು ಹಾಳು ಕೋಟೆ ಆರಾಮಾಗಿ ಹಿಡಿಸುತ್ತೆ. "ಈ ಹೆಕ್ಸ್ ನೋಡಿ ಆಯ್ತು" ಅಂತ ಪ್ಲೇಯರ್ಸ್ ಗೆರೆ ಹೊಡೆಯೋಕೆ ಬಿಡಬೇಡಿ. ದಾಟಿ ಹೋದದ್ದು ಬೇರೆ, ಹುಡುಕಿದ್ದು ಬೇರೆ. ಹುಡುಕೋಕೆ ಇಡೀ ಒಂದು ದಿನ ಖರ್ಚು. ಆಮೇಲೆ ಹೊಸದು ಸೇರಿಸೋಕೆ ನಿಮಗೆ ಜಾಗ ಉಳಿಯೋದು ಇದೇ ನಿಯಮದಿಂದ.

ಎರಡು ದಿನ, ಐದು ದಿನದ ಗೊಂದಲಕ್ಕೆ ಉತ್ತರ ನಿಮ್ಮ ಹತ್ತಿರವೇ ಇದೆ. ಎರಡೂ ನೀಲಿ ಇಂಕು. ಹಾಗಿದ್ದ ಮೇಲೆ ಎರಡು ದಾರಿ ಇರಬೇಕು.

ಅರ್ಥಧಾರಿ:
ಮೂರನೇ ಪ್ರಶ್ನೆ ಯಾರೂ ಮುಟ್ಟಿಲ್ಲ. ತಾಳಮದ್ದಳೆಯಲ್ಲಿ ಪದ್ಯ ನಿಗದಿ, ಅರ್ಥ ಆ ಕ್ಷಣದ್ದು. ಕರ್ಣ ಸಾಯೋದು ಬದಲಾಗಲ್ಲ, ಸಾಯುವ ಮೊದಲು ಕೃಷ್ಣನಿಗೆ ಏನು ಕೇಳ್ತಾನೆ ಅನ್ನೋದು ಅವತ್ತಿನ ಅರ್ಥಧಾರಿಗೆ ಬಿಟ್ಟದ್ದು. ಪ್ಲೇಯರ್ಸ್‌ಗೆ ಬಿಡೋ ಜಾಗವೂ ಅಷ್ಟೇ ಸ್ಪಷ್ಟ ಇರಬೇಕು.

"ಈ ಊರಲ್ಲಿ ಏನೇನಿದೆ, ನೀವೇ ಹೇಳಿ" ಅಂತ ಕೇಳಿದರೆ ಎರಡರಲ್ಲಿ ಒಂದು. ಎಲ್ಲರೂ ಬಾಯಿ ಮುಚ್ಚಿ ಕೂರ್ತಾರೆ, ಇಲ್ಲವೇ ಒಬ್ಬ ಹಾರುವ ಹಡಗು ತರ್ತಾನೆ. ಪ್ರಶ್ನೆ ಇಕ್ಕಟ್ಟಾಗಿರಬೇಕು, ಆ ಪಾತ್ರಕ್ಕೆ ಸಹಜವಾಗಿ ಗೊತ್ತಿರೋ ವಿಷಯ ಆಗಿರಬೇಕು, ಅರ್ಧ ಉತ್ತರ ಪ್ರಶ್ನೆಯಲ್ಲೇ ಇರಬೇಕು. ವರ್ತಕನ ಮಗಳ ಪಾತ್ರ ಮಾಡುವವರಿಗೆ: "ಸಂಘದ ಈ ತಕ್ಕಡಿಯಲ್ಲಿ ಮೋಸ ಇದೆ ಅಂತ ನಿನಗೆ ಗೊತ್ತು. ಯಾವ ರೀತಿ ಮೋಸ?" ಬೇಟೆಗಾರನಿಗೆ: "ಈ ಕಾಡಲ್ಲಿ ನಿಮ್ಮ ಕಡೆಯವರು ರಾತ್ರಿ ಒಂದು ಕೆಲಸ ಮಾಡಲ್ಲ. ಯಾವುದು?" ಸೆಷನ್‌ಗೆ ಒಬ್ಬರಿಗೆ ಒಂದು ಪ್ರಶ್ನೆ, ಹೆಚ್ಚಲ್ಲ. ನಾಲ್ಕು ಪ್ಲೇಯರ್ಸ್, ನಾಲ್ಕು ಉತ್ತರ. ಹತ್ತು ಸೆಷನ್‌ಗೆ ನಲವತ್ತು ವಿಷಯ ಆಯ್ತು, ಒಬ್ಬ ಜಿಎಂ ಕೂತು ಬರೆಯೋದಕ್ಕಿಂತ ಜಾಸ್ತಿ. ಖಾಲಿ ಬಿಟ್ಟು ನಕ್ಷೆ ಬರಿ, ಆಟದಲ್ಲಿ ತುಂಬು ಅನ್ನೋದನ್ನ ಡಂಜನ್ ವರ್ಲ್ಡ್ (2012) ಜಿಎಂ ನಿಯಮವಾಗಿಯೇ ಬರೆದಿದೆ.

ಒಪ್ಪೋಕೆ ಆಗದ ಉತ್ತರ ಬಂದರೆ "ಬೇಡ" ಅನ್ನೋ ಮೊದಲು "ಊರಲ್ಲಿ ಹಾಗಂತ ಮಾತಿದೆ" ಅನ್ನಿ. ಆಗ ಅದು ವದಂತಿ, ಪೆನ್ಸಿಲ್. ಎಡ್ ಗ್ರೀನ್‌ವುಡ್ ತಮ್ಮ ಫರ್ಗಾಟನ್ ರೆಲ್ಮ್ಸ್‌ನಲ್ಲಿ ಈ ಉಪಾಯ ಚೆನ್ನಾಗಿ ಬಳಸಿದ್ದಾರೆ. ಅದು ಮನೆಯ ಕಥೆಯಾಗಿ ಹುಟ್ಟಿ, ಮನೆ ಆಟವಾಗಿ, 1987ರಲ್ಲಿ ಟಿಎಸ್‌ಆರ್ ಕಂಪನಿಯಿಂದ ಅಚ್ಚಾದ ಲೋಕ. ಅಲ್ಲಿನ ಎಷ್ಟೋ ವಿವರ ಎಲ್ಮಿನ್‌ಸ್ಟರ್, ವೋಲೋ ತರಹದ ಪಾತ್ರಗಳ ಬಾಯಲ್ಲಿ ಬರುತ್ತೆ. ವೋಲೋ ತಪ್ಪು ಹೇಳಿರಬಹುದು. ಹಾಗಾಗಿ ಯಾವ ಜಿಎಂ ಏನು ಬದಲಾಯಿಸಿದರೂ ಪುಸ್ತಕ ಸುಳ್ಳಾಗಲ್ಲ.

ಹುಬ್ಬಳ್ಳಿಡಿ20:
ವದಂತಿ ಉಪಾಯ ಛಲೋ, ಆದ್ರ ಪ್ರತೀ ಸಲ ಅದನ್ನ ಬಳಸಬ್ಯಾಡ್ರಿ. ಮೂರು ಸಲ ಅವರು ಹೇಳಿದ್ದು ಸುಳ್ಳ ವದಂತಿ ಆತು ಅಂದ್ರ ನಾಕನೇ ಸಲ ಯಾರೂ ಬಾಯಿ ಬಿಡೂದುಲ್ಲ.

ಮತ್ತ ನೀಲಿ ಇಂಕಿನಾಗಿಂದು ಎರಡು ಮಾತು ಒಂದಕ್ಕೊಂದು ತಾಳೆ ಆಗಲಿಲ್ಲ ಅಂದ್ರ ಮೊದಲ ಲೋಕದ ಒಳಗ ಕಾರಣ ಹುಡುಕ್ರಿ, ಮ್ಯಾಲೆ ಎರಡು ದಾರಿ ಅಂದ್ರಲ್ಲ ಹಂಗ. ಸಿಗಲಿಲ್ಲಂದ್ರ ಸೆಷನ್ ಶುರುಕ್ಕ ಒಂದ ನಿಮಿಷ: "ಹಿಂದ ಹಿಂಗ ಹೇಳಿದ್ದೆ, ಇನ್ನ ಮ್ಯಾಲೆ ಹಿಂಗ." ಮುಗೀತು. ಗುಪ್ತಾಗಿ ತಿದ್ದಿದ್ರ ಬರಕೋತ ಕುಂತಿರೂ ಪ್ಲೇಯರ್ ಹಿಡೀತಾನ. ಅದರ ಮ್ಯಾಲೆ ಪ್ಲೇಯರ್ಸ್ ರೊಕ್ಕ ಇಲ್ಲಾ ಜೀವಾ ಹಾಕಿದ್ರಂದ್ರ ತಿದ್ದೂ ಹಕ್ಕಿಲ್ಲ.

ಕುಂದಾಪ್ರಕಾಯಿ:
ಆಟ ಬಿಟ್ಟು ಹೋದವರ ಪಾತ್ರ ಎಂತ ಮಾಡುದು? ನಾಲ್ವರಲ್ಲಿ ಒಬ್ಬ ಬೇರೆ ಊರಿಗೆ ಕೆಲಸ ಸಿಕ್ಕಿ ಹೋದ ಅಂತ ಇಟ್ಕಣಿ.

ದಾಳಪುರಾಣ:
ಅದು ಸೆಟ್ಟಿಂಗಿಗೆ ಸಿಕ್ಕ ಆಸ್ತಿ. ಗೈಗ್ಯಾಕ್ಸ್ ಅವರ ಗ್ರೇಹಾಕ್ ಲೋಕ ಅರ್ಧ ನಿಂತಿರೋದೇ ಹಳೆ ಪಾತ್ರಗಳ ಮೇಲೆ. ಟೆನ್ಸರ್ ಅನ್ನೋದು ಗೈಗ್ಯಾಕ್ಸ್ ಅವರ ಮಗ ಅರ್ನೀ ಆಡಿದ ಮಾಂತ್ರಿಕ, ಇವತ್ತಿಗೂ ಟೆನ್ಸರ್ ಹೆಸರಿನ ಮಂತ್ರ ಇದೆ. ರಾಬಿಲಾರ್ ಅನ್ನೋ ಪಾತ್ರ ಅದೇ ಗುಂಪಿನ ರಾಬ್ ಕುಂಟ್ಸ್ ಅವರದ್ದು. ಕೋಟೆಯ ಕೆಳಗೆ ಬಂಧನದಲ್ಲಿದ್ದ ದೈವಗಳನ್ನ ರಾಬಿಲಾರ್ ಬಿಡಿಸಿದ ಪರಿಣಾಮ ಮುಂದೆ ಅಚ್ಚಾದ ಗ್ರೇಹಾಕ್ ಇತಿಹಾಸಕ್ಕೇ ಸೇರಿಕೊಂಡಿತು. ಆ ಕುಂಟ್ಸ್ ಮುಂದೆ ಅದೇ ಲೋಕಕ್ಕೆ ಸಹ ಜಿಎಂ ಕೂಡ ಆದರು.

ಮಾಡೋ ಕ್ರಮ: ಮೊದಲು ಆ ಪ್ಲೇಯರ್‌ನ ಕೇಳಿ, ಪಾತ್ರವನ್ನ ಎನ್‌ಪಿಸಿ (ಜಿಎಂ ಆಡಿಸೋ ಪಾತ್ರ) ಮಾಡಬಹುದಾ, ಏನು ಮಾಡಬಾರದು? "ಸಾಯಿಸಬೇಡಿ, ದ್ರೋಹಿ ಮಾಡಬೇಡಿ" ಅಂತ ಹೇಳಿದರೆ ಅದು ಕೆಂಪು ಇಂಕು. ಆಮೇಲೆ ಪಾತ್ರಕ್ಕೆ ಒಂದು ಜಾಗ, ಒಂದು ಹುದ್ದೆ, ಒಂದು ಋಣ. ಪಾತ್ರದ ವಿವರದ ಪೂರ್ತಿ ಶೀಟ್ ಬೇಡ, ಮೂರು ಸಾಲು. ಹೊಸದಾಗಿ ಬರುವವರಿಗೆ ಇಡೀ ಇತಿಹಾಸ ಓದಿಸಬೇಡಿ. ಒಂದು ಪುಟ, ಮುನ್ನೂರು ಪದ, ಅದರಲ್ಲೂ ಅರ್ಧ ಈಗ ಊರಲ್ಲಿ ಏನು ಜಗಳ ನಡೀತಿದೆ ಅನ್ನೋದು.

ಅರ್ಥಧಾರಿ:
ಗ್ರೇಹಾಕ್ ಬಗ್ಗೆ ಇನ್ನೊಂದು ಮಾತು. 1980ರಲ್ಲಿ ಅಚ್ಚಾದದ್ದು ಮನೆಯಲ್ಲಿ ಆಡಿದ ನಕ್ಷೆ ಅಲ್ಲ. ಮನೆ ಆಟದ್ದು ಉತ್ತರ ಅಮೆರಿಕದ ಮೇಲೆ ಕೂರಿಸಿದ ಲೋಕ. ಪ್ರಕಟಣೆಗೆ ಬೇರೆಯೇ ಬರೆದರು, ಹೆಕ್ಸ್‌ಗೆ 30 ಮೈಲಿ. ಗ್ರೆಗ್ ಸ್ಟಾಫರ್ಡ್ ಕಟ್ಟಿದ ಗ್ಲೊರಾಂತ ಅನ್ನೋ ಲೋಕದಲ್ಲಿ ಆಡುವವರಲ್ಲಂತೂ "ನಿಮ್ಮ ಗ್ಲೊರಾಂತ ಬೇರೆಯೇ ಇರುತ್ತೆ" ಅನ್ನೋದು ಗಾದೆ. ನಿಮ್ಮ ಸೆಟ್ಟಿಂಗನ್ನ ಮುಂದೆ ಪಿಡಿಎಫ್ ಮಾಡಿ ಹಂಚೋ ಆಸೆ ಇದ್ದರೆ ಆಟದ ಕಡತ, ಹಂಚುವ ಕಡತ ಎರಡನ್ನೂ ಬೇರೆ ಇಡಿ. ಹಂಚುವುದರಲ್ಲಿ ನಿಮ್ಮ ಪ್ಲೇಯರ್ಸ್ ಮಾಡಿದ ಸಾಹಸ ಇರಬಾರದು, ಬೇರೆಯವರು ಮಾಡೋಕೆ ಏನೂ ಉಳಿಯಲ್ಲ. ಗೇರುಸೊಪ್ಪೆ, ಚೆನ್ನಭೈರಾದೇವಿ ಕಾಲದ ಛಾಯೆ ಇಟ್ಟುಕೊಳ್ಳಿ, ತೊಂದರೆ ಇಲ್ಲ. ಆದರೆ ಈಗಿರುವ ಮಠ, ಜಾತಿ, ದೈವಸ್ಥಾನಗಳ ಹೆಸರು ನೇರವಾಗಿ ಬೇಡ. ಟೇಬಲ್ ಮೇಲೆ ದಾಳ ಬಿದ್ದ ಹಾಗೆ ಅವರನ್ನ ಕೆಟ್ಟವರು ಮಾಡಬೇಕಾಗಿ ಬಂದಾಗ ಆಟ ಅಲ್ಲೇ ಕಹಿಯಾಗುತ್ತೆ.

ಯೂನಿಕೋಡಮ್ಮ:
ಕನ್ನಡದಲ್ಲಿ ನೋಟ್ಸ್ ಇಡುವವರಿಗೆ ಮಾತ್ರ. ಅಬ್ಸಿಡಿಯನ್ ಆಗಲಿ ಗೂಗಲ್ ಡಾಕ್ಸ್ ಆಗಲಿ, ಹುಡುಕಿದಾಗ ಹೆಸರು ಸಿಗ್ತಿಲ್ಲ ಅಂದ್ರೆ ಬಹುತೇಕ ಕಾರಣ ಅರ್ಧಾಕ್ಷರದ ನಂತರ ಕೂತಿರುವ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್. "ಸುಲ್ತಾನ್" ಅಂತ ಫೋನ್‌ನಲ್ಲಿ ಒಂದು ಕೀಬೋರ್ಡ್‌ನಲ್ಲಿ ಹೊಡೆದದ್ದಕ್ಕೆ ಕೊನೆಯಲ್ಲಿ ಅದು ಅಂಟಿರಬಹುದು, ಲ್ಯಾಪ್‌ಟಾಪ್‌ನಲ್ಲಿ ಹೊಡೆದದ್ದಕ್ಕೆ ಇರಲ್ಲ. ನೋಡೋಕೆ ಎರಡೂ ಒಂದೇ, ಹುಡುಕಾಟಕ್ಕೆ ಎರಡು ಬೇರೆ ಪದ. ಸೆಟ್ಟಿಂಗಿನ ಹೆಸರುಗಳನ್ನ ಸ್ವರದಲ್ಲಿ ಮುಗಿಯುವ ಹಾಗೆ ಇಟ್ಟರೆ (ಸುಲ್ತಾನ, ತಿಮ್ಮಪ್ಪ, ಹೊನ್ನಳಿವೆ) ಕೊನೆಯಲ್ಲಿ ಅದು ಅಂಟೋ ಪ್ರಮೇಯವೇ ಇಲ್ಲ.

ಹಳೆ ನುಡಿ ಅಥವಾ ಬರಹದ ಆಸ್ಕಿ ಕಡತ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಬರೀ ಗೋಜಲು. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗೋದು ಸಾಮಾನ್ಯ, ಹಾಗಾಗಿ ಮೂಲ ಪಠ್ಯ ಯಾವಾಗಲೂ ಇಟ್ಟುಕೊಂಡಿರಿ. ಸೆಷನ್ ಕಡತಗಳ ಹೆಸರು 01, 02 ಅಂತ ಶುರುವಾಗಲಿ. 1, 2 ಅಂತ ಇಟ್ಟರೆ ಕೆಲವು ಕಡೆ 10 ಬಂದು 2ರ ಮೇಲೆ ಕೂರುತ್ತೆ.

ಘಟ್ಟದಹಾದಿ:
ಎಲ್ಲರಿಗೂ ಧನ್ಯವಾದ. ಹೀಗೆ ಮಾಡ್ತಿದೀನಿ: ಪಾಳೆಯಗಾರ ಪೆನ್ಸಿಲ್‌ಗೆ, ಅವನ ಮೇಲೆ ಯಾರೂ ಏನೂ ಖರ್ಚು ಮಾಡಿಲ್ಲ. ಸಂಘ 6ರ ಗಡಿಯಾರ, 2 ತುಂಬಿದೆ. ಮಠ 4ರದ್ದು, ಖಾಲಿ. ಘಟ್ಟಕ್ಕೆ ಎರಡು ದಾರಿ, ಹಳೆಯದು ಎರಡು ದಿನ, ಹೇರೆತ್ತಿನದ್ದು ಐದು ದಿನ. ಒಂದೇ ಅನುಮಾನ: ತಿಮ್ಮಪ್ಪ ಗೂಢಚಾರ ಅಂತ ಪ್ಲೇಯರ್ಸ್ ಊಹೆ ಮಾಡಿರೋದು ನಿಜ. ಅದನ್ನ ನಿಜ ಮಾಡಬೇಕಾ?

ನಕ್ಷೆಗಾತಿ:
ಅವರು ಅವನ ಹಿಂದೆ ಯಾರನ್ನಾದರೂ ಬಿಟ್ಟಿದ್ದಾರಾ?

ಘಟ್ಟದಹಾದಿ:
ಒಬ್ಬ ಹುಡುಗನಿಗೆ ಎರಡು ಹಣ ಕೊಟ್ಟು ನೋಡ್ತಿರು ಅಂತ ಹೇಳಿದ್ದಾರೆ.

ನಕ್ಷೆಗಾತಿ:
ಹಾಗಾದ್ರೆ ಆ ಹುಡುಗ ವಾಪಸ್ ಬರುವ ಮೊದಲು ನಿರ್ಧಾರ ಮಾಡಿ, ಕೆಂಪು ಇಂಕಿನಲ್ಲಿ ಬರೆದು ಬಿಡಿ. ಮನಸ್ಸು ಎರಡಾದರೆ ಡಿ6: 1ರಿಂದ 3 ಗೂಢಚಾರ, 4-5 ಅಲ್ಲ, 6 ಗೂಢಚಾರನೇ, ಆದರೆ ಮಠದ್ದಲ್ಲ, ಪಾಳೆಯಗಾರನದ್ದು.